ಎಂಟು ನಿಮಿಷ

ನಮ್ಮ ಶಾಲೆಯ ಗಂಟೆ ಗಂಟೆಯಲ್ಲ,
ಬೇವಿನ ಕೊಂಬೆಗೆ ತಂತಿ ಬಿಗಿದು ನೇತುಹಾಕಿದ
ಮೊಳದುದ್ದ ರೈಲುಕಂಬಿಯ ತುಂಡು.
ಬಡಿಯಲೊಂದು ಸುತ್ತಿಗೆ. ಅದರ ಹಿಡಿಗೆ
ಆಯಾ ಕೆಂಚಮ್ಮನ ಹಳೇ ಸೀರೆಯ ಅಂಚು.

ಹತ್ತನೇ ಬಿ ಸೆಕ್ಷನ್ನಿನಲ್ಲಿ ನಾವು ನಲವತ್ಮೂರು.
ಎ ಸೆಕ್ಷನ್ನಿಗೆ ಫ್ಯಾನು, ಹೊಸ ಡೆಸ್ಕು, ನಗುವ ಟೀಚರು;
ನಮಗೆ ನಿಂತುಹೋದ ಹತ್ತಿಮಿಲ್ಲಿನ ಕಡೆ ಕಿಟಕಿ,
ಚಿಮಣಿಯ ತುದಿಯಲ್ಲಿ ಕೂತ ಒಂದು ಹದ್ದು,
ಥ್ರೋಬಾಲಿನಲ್ಲಿ ವರ್ಷವರ್ಷವೂ ಸೋಲು.

ನಗೀನಾ ಬರುತ್ತಿದ್ದುದು ರೈಲ್ವೆ ಗೇಟಿನ ಆಚೆಯಿಂದ.
ನಸುಕಿನ ಮೂರಕ್ಕೇ ಮಂಡಕ್ಕಿ ಭಟ್ಟಿಗೆ ಹೋಗಿ
ಅಮ್ಮನ ಜೊತೆ ಕಾದ ಮರಳಲ್ಲಿ ಅಕ್ಕಿ ಅರಳಿಸಿ,
ಜರಡಿ ಹಿಡಿದು, ಚೀಲದ ಬಾಯಿ ಹೊಲಿದು,
ತಲೆಗೆರಡು ತಂಬಿಗೆ ನೀರು ಸುರಿದುಕೊಂಡು
ಓಡಿ ಬರುವಷ್ಟರಲ್ಲಿ ಗೇಟು ಬಿದ್ದಿರುತ್ತಿತ್ತು.
ಗೂಡ್ಸು ಗಾಡಿಗೇನು, ಅಟೆಂಡೆನ್ಸೇ, ಪರೀಕ್ಷೆಯೇ?
ಡಬ್ಬಿ ಎಣಿಸುತ್ತ ನಿಂತಿರುತ್ತಿದ್ದಳಂತೆ, ಐವತ್ತೆಂಟರವರೆಗೆ.
'ಗೇಟು ಬಿದ್ದಿತ್ರೀ ಟೀಚರ್.'
ಇಡೀ ದಾವಣಗೆರೆ ಹೇಳುವ ನೆಪ ಅದು,
ನಿಜವಾದರೂ ಯಾರೂ ನಂಬುವುದಿಲ್ಲ.

ಮೂರು ಸಲ ತಡವಾದರೆ ಒಂದು ಗೈರುಹಾಜರಿ,
ಗೈರು ಹೆಚ್ಚಾದರೆ ಪರೀಕ್ಷೆಗೆ ಕೂರಿಸುವುದಿಲ್ಲ ಅಂದರು
ಹೆಡ್‌ಮಿಸ್ ಸರ್ವಮಂಗಳಮ್ಮ, ಕನ್ನಡಕ ಒರೆಸುತ್ತ.
ಒರೆಸಿ ಹಾಕಿಕೊಂಡ ಮೇಲೂ ನಮ್ಮ ಕಡೆ ನೋಡಲಿಲ್ಲ.

ಮಾರನೇ ದಿನ ಸುತ್ತಿಗೆ ಕಾಣೆ.

ಮೊದಲು ಹೊಳೆದದ್ದು ಯಾರಿಗೆಂದು ಈಗಲೂ ಜಗಳ,
ಕೊಟ್ರಮ್ಮ ತನಗೆನ್ನುತ್ತಾಳೆ, ದಾಕ್ಷಾಯಣಿ ತನಗೆ.
ದಿನಕ್ಕೊಬ್ಬಳ ಸರದಿ, ದಿನಕ್ಕೊಂದು ಜಾಗ:
ಕುಂಡದ ಹಿಂದೆ, ಭೂಪಟದ ಸುರುಳಿಯೊಳಗೆ,
ಹಾಲಮ್ಮನ ಬುತ್ತಿಚೀಲದಲ್ಲಿ, ರೊಟ್ಟಿಗಂಟಿನ ಕೆಳಗೆ.
ಕೆಂಚಮ್ಮ ಹುಡುಕುವಳು, ಸೊಂಟ ಹಿಡಿದು, ಗೊಣಗುತ್ತ,
ಇದ್ದ ಜಾಗವೊಂದನ್ನು ಬಿಟ್ಟು ಉಳಿದೆಲ್ಲ ಕಡೆ.

ಎಂಟು ನಿಮಿಷ. ಒಂದು ದಿನ ಹನ್ನೊಂದು.
ಕಾಂಪೌಂಡಿನ ಮೇಲೆ ಕೂತವಳು ಕೈ ಬೀಸಿದಳೋ
ಸುತ್ತಿಗೆ ತಾನಾಗಿ ಸಿಕ್ಕಿಬಿಡುತ್ತಿತ್ತು.
ಕಂಬಿ ಠಣ್ಣೆನ್ನುವ ಹೊತ್ತಿಗೆ ನಗೀನಾ ಸಾಲಿನಲ್ಲಿ,
ಏದುಸಿರು ನುಂಗುತ್ತ,
ಕಣ್ರೆಪ್ಪೆಯ ಮೇಲಿನ್ನೂ ಹೊಟ್ಟಿನ ಬೂದಿ.

ಒಂದು ಮಾತು ಹೇಳಿಬಿಡಬೇಕು.
ನನಗೆ ಅವಳನ್ನು ಕಂಡರೆ ಆಗುತ್ತಿರಲಿಲ್ಲ.
ಗಣಿತದಲ್ಲಿ ಸದಾ ನನಗಿಂತ ಎರಡೇ ಎರಡು ಮಾರ್ಕು ಮುಂದೆ.
ನನ್ನ ಸರದಿಯ ದಿನ, ವೇಲಿನ ಮರೆಯಲ್ಲಿ
ಸುತ್ತಿಗೆ ಭಾರವಾಗಿ ತಣ್ಣಗಿತ್ತು.
ಬೇವಿನ ಬುಡಕ್ಕಿಟ್ಟು ಬರಲೆಂದು ಎರಡು ಸಲ ಎದ್ದೆ.
ಹಾಲಮ್ಮ ನೋಡಿದಳು. ಏನೂ ಅನ್ನಲಿಲ್ಲ,
ಅರ್ಧ ರೊಟ್ಟಿಗೆ ಶೇಂಗಾಚಟ್ನಿ ಹಚ್ಚಿ ಕೈಗಿಟ್ಟಳು.
ತಿನ್ನುತ್ತ ಕೂತವಳು ಏಳುವುದು ಹೇಗೆ?

ನಗೀನಾಗೆ ಯಾರೂ ಹೇಳಲಿಲ್ಲ.
'ಈಗ ಎಷ್ಟು ಜೋರು ಓಡ್ತೀನಿ ಅಂತೀರಿ,
ಗೇಟು ಬಿದ್ರೂ ಬೆಲ್ಲಿಗೆ ಮುಂಚೆ ಬಂದ್ಬಿಡ್ತೀನಿ!'
ಎಂದಳು ಒಮ್ಮೆ, ಎದೆಯುಬ್ಬಿಸಿ.
ಅದೇ ಗುಂಗಿನಲ್ಲಿ ಕ್ರೀಡಾದಿನಕ್ಕೆ ಹೆಸರೂ ಕೊಟ್ಟಳು.
ನಾನೂರು ಮೀಟರಿನಲ್ಲಿ ಆರು ಜನ. ಅವಳು ಐದನೆಯವಳು.
ಗೆದ್ದ ಎ ಸೆಕ್ಷನ್ನಿನವಳೇ ಬೆಚ್ಚಿ ತಿರುಗಿ ನೋಡಿದಳು,
ಅಷ್ಟು ಕೂಗಿದ್ದೆವು ನಾವು.

ಕೊನೆಯ ಪರೀಕ್ಷೆ ಮುಗಿದ ಸಂಜೆ
ಗೇಟಿನ ಹೊರಗೆ ಚೀಲ ಬಿಚ್ಚಿದಳು ನಗೀನಾ:
ಹಳೇ ಪೇಪರಿನ ಪೊಟ್ಟಣಗಳು, ಖಾರ ಮಂಡಕ್ಕಿ,
ಎಣಿಸಿ ತಂದವು, ತಲೆಗೊಂದು.
ನನ್ನ ಕೈಗೆ ಕೊಡುವಾಗ ಮುಖ ನೋಡಿದಳೇ?
ನೆನಪಿಲ್ಲ. ನೋಡಿದಳೆಂದೇ ಇಟ್ಟುಕೊಂಡಿದ್ದೇನೆ.
ಎಲ್ಲಕ್ಕಿಂತ ದೊಡ್ಡ ಪೊಟ್ಟಣ ಉಳಿದಿತ್ತು.
ಅದನ್ನೆತ್ತಿಕೊಂಡು ಬೇವಿನ ಮರದ ಕಡೆ ಹೋದಳು,
ಕೆಂಚಮ್ಮ ಕಂಬಿಗೊರಗಿಸಿದ ಸುತ್ತಿಗೆಯ ಪಕ್ಕ
ಕಾಲು ಚಾಚಿ ಕೂತಿದ್ದಲ್ಲಿಗೆ.

ಖಾರ ತುಸು ಜಾಸ್ತಿಯೇ ಬಿದ್ದಿತ್ತು.
ಎಲ್ಲರ ಕಣ್ಣಲ್ಲೂ ನೀರು.