ಎದುರು ಕೊಳವೆ

ರಾತ್ರಿ ಒಂದೂವರೆಗೆ ರೂವಿಯ ನಮ್ಮ ಕ್ಲಿನಿಕ್ಕಿಗೆ
ಒಂದೇ ಒಂದು ರಕ್ತದ ಕೊಳವೆ ಬಂತು.
ಪಕ್ಕದ ಸೀಟಿನಲ್ಲಿ ಐಸ್ ಪೆಟ್ಟಿಗೆ ಕೂರಿಸಿ
ಬೆಲ್ಟು ಬಿಗಿದು ತಂದಿದ್ದ ಇದಿನಬ್ಬ.
“ಐದು ರೌಂಡಬೌಟು ಅಕ್ಕಾ, ಐದರಲ್ಲೂ
ಬಾಗಿಲ ಕಡೆಗೇ ವಾಲಿತು ನೋಡಿ.”

ಚೀಟಿಯ ಮೇಲೆ ಹೆಸರು: ಹುಲಿಗೆಬ್ಬ.
ಅರಬ್ಬಿಯಲ್ಲಿ ‘ಪ’ ಇಲ್ಲ;
ಕೊಪ್ಪಳ ಸೀಮೆಯ ಹುಲಿಗೆಪ್ಪ
ತನ್ನ ಪಕಾರವನ್ನು ಸುಂಕಕ್ಕೆ ಕೊಟ್ಟು ಬಂದಿದ್ದಾನೆ.
ವಯಸ್ಸು ಮೂವತ್ತಾರು. ಕೆಲಸ, ಸಾರುವೆ ಕಟ್ಟುವುದು.
ಎರಡು ದಿನದಿಂದ ಕಣ್ಣು ಹಳದಿ.

ಒಂದನ್ನೇ ತಿರುಗಿಸುವಂತಿಲ್ಲ ಎಂದೆ ಹೊಸ ಹುಡುಗಿ ಜೆಸಿಂತಾಗೆ.
ತೂಕ ಒಂದೇ ಬದಿಗಾದರೆ ಯಂತ್ರ ನಡುಗುತ್ತದೆ,
ಮೇಜಿನ ಮೇಲೆ ನಡೆಯುತ್ತದೆ.
ಒಮ್ಮೆ ಸಿಂಕಿನವರೆಗೂ ನಡೆದಿದೆ,
ಪ್ಲಗ್ಗು ಕಿತ್ತು ಉಳಿಸಿಕೊಂಡೆ.
ಇನ್ನೊಂದು ಕೊಳವೆಗೆ ನಲ್ಲಿ ನೀರು ತುಂಬಿ
ಕಣ್ಣಳತೆ ನಂಬದೆ ತಕ್ಕಡಿಗಿಟ್ಟು
ಹನಿ ತೆಗೆದು, ಹನಿ ಹಾಕಿ,
ಹುಲಿಗೆಪ್ಪನ ಸರೀ ಎದುರಿಗೆ ಕೂರಿಸಿದೆ.
ಅದಕ್ಕೆ ಹೆಸರಿಲ್ಲ, ರಿಪೋರ್ಟಿಲ್ಲ.

ಮುಚ್ಚಳ. ಮೂರು ಸಾವಿರ ಸುತ್ತು. ಹತ್ತು ನಿಮಿಷ.

“ಹೊರಗೆ ತಳ್ಳುವುದು ಯಾರು?” ಎಂದಳು ಜೆಸಿಂತಾ.
ಕೇಂದ್ರಾಪಗಾಮಿ ಬಲ ಎಂದು ಪರೀಕ್ಷೆಗೆ ಬರೆದಿದ್ದಳಂತೆ,
ಐದಕ್ಕೆ ಐದು ಸಿಕ್ಕಿತ್ತಂತೆ,
ಬಲ ಮಾತ್ರ ಸಿಕ್ಕಿರಲಿಲ್ಲ.

ಯಾರೂ ತಳ್ಳುವುದಿಲ್ಲ ಮಾರಾಯ್ತಿ.
ಗಿಳಿ ಓಡಿಸಲು ನಮ್ಮ ಚಿಕ್ಕಿ ಕವಣೆ ಬೀಸುತ್ತಿದ್ದಳು.
ಅದು ತಲೆಯ ಮೇಲೆ ಭರ್ರೆಂದು ಸುತ್ತುವಷ್ಟು ಹೊತ್ತೂ
ಕಲ್ಲಿಗೆ ಒಂದೇ ಆಸೆ, ನೆಟ್ಟಗೆ ಹೋಗಬೇಕು.
ಹಗ್ಗ ಅದನ್ನು ಒಳಗೆಳೆದೆಳೆದು ದಾರಿ ಬಗ್ಗಿಸುತ್ತದೆ.
ಕೈ ಬಿಟ್ಟಳೋ, ಕಲ್ಲು ಚಿಕ್ಕಿಗೆ ಬೆನ್ನು ತಿರುಗಿಸಿ ಓಡುವುದಿಲ್ಲ;
ಆ ಗಳಿಗೆಯಲ್ಲಿ ಮುಖ ಎತ್ತ ಇತ್ತೋ ಅತ್ತಲೇ.
ಗಿಳಿಗೆ ತಾಗಿದ್ದು ನಾನು ಕಂಡಿಲ್ಲ.
ನಮ್ಮದೇ ಹೆಂಚು ಎರಡು ಸಲ ಒಡೆದಿದೆ.

ಒಳಗೆ ಕೂತು ತಿರುಗುವವರಿಗೆ ಮಾತ್ರ
ಯಾರೋ ನೂಕಿದ ಹಾಗೆ.
ಇದಿನಬ್ಬನ ಪೆಟ್ಟಿಗೆಯನ್ನು ಕೇಳು,
ಬಾಗಿಲು ಕರೆಯಿತು ಅನ್ನುತ್ತದೆ.
ರಸ್ತೆಬದಿ ನಿಂತವನು ಕಂಡದ್ದು ಬೇರೆ:
ಪೆಟ್ಟಿಗೆ ತನ್ನ ಪಾಡಿಗೆ ನೆಟ್ಟಗೆ ಹೊರಟಿತ್ತು,
ತಿರುಗಿದ್ದು ಗಾಡಿ.

ಕೆಳಗಿನ ಲಾಂಡ್ರಿಯಲ್ಲೂ ಇದೇ ವಿದ್ಯೆ.
ಡ್ರಮ್ಮಿನೊಳಗೆ ನಲವತ್ತು ಬಿಳಿ ದಿಶ್ದಾಶಾ;
ತೂತು ಸಿಕ್ಕ ನೀರು ಹೊರಟೇ ಹೋಯಿತು,
ತೂತಿನಲ್ಲಿ ಹಿಡಿಸದ ಬಟ್ಟೆ ಉಳಿಯಿತು.
ಉಳಿದವರಿಗೆ ನಾವು ನಿಷ್ಠೆ ಎಂಬ ಹೆಸರಿಡುತ್ತೇವೆ.
ಹಾಲಿನ ಕಾರ್ಖಾನೆಯಲ್ಲಿ ಕೆನೆ ನಡುವಿಗೇ ನಿಲ್ಲುತ್ತದಂತೆ,
ಹಗುರಾದ್ದಕ್ಕೆ.

(ರಜೆಗೆ ಹೋದಾಗ ಕೇಳುತ್ತಾರೆ,
ಅಷ್ಟು ದೂರ ಯಾರು ದೂಡಿದರು ನಿನ್ನನ್ನು ಎಂದು.
ಹನ್ನೊಂದು ವರ್ಷ ನಾನೂ ಒಂದೊಂದು ಹೆಸರು ಹೇಳುತ್ತ ಬಂದೆ.
ಸಾಲ ಅಂದೆ, ಅತ್ತೆ ಅಂದೆ,
ಒಂದು ವರ್ಷ ಶನಿ ಎಂದೂ ಅಂದೆ.)

ಯಂತ್ರದ ಕೂಗು ಇಳಿಯಿತು, ಗುರ್ರೆಂದಿತು, ನಿಂತಿತು.
ಕೆಂಪೆಲ್ಲ ತಳದಲ್ಲಿ. ಭಾರದ್ದಕ್ಕೆ
ಬಗ್ಗಲು ಹಟ ಜಾಸ್ತಿ, ಅಷ್ಟೇ.
ಮೇಲಿನದು ಹುಲ್ಲಿನ ಬಣ್ಣಕ್ಕಿರಬೇಕಿತ್ತು,
ಅರಿಶಿನ ಕದಡಿದ ಹಾಗಿತ್ತು.
ಜೆಸಿಂತಾ ಮಾತು ನಿಲ್ಲಿಸಿದಳು.
ಡಾಕ್ಟರಿಗೆ ಫೋನು ಹಚ್ಚಿದೆ. ಹುಲಿಗೆಬ್ಬ, ಎಂದೆ. ಆಮೇಲೆ,
ಅವರಿಗೆ ಬೇಡವಿದ್ದರೂ, ಹುಲಿಗೆಪ್ಪ.

ಎದುರು ಕೊಳವೆಯ ನೀರು ಹಾಗೆಯೇ ಇತ್ತು.
ಅಷ್ಟೇ ಸುತ್ತು ಸುತ್ತಿ, ಅಷ್ಟೇ ಭಾರ ಹೊತ್ತು
ಬೇರೆಯಾಗಲು ಅದರಲ್ಲಿ ಏನೂ ಇರಲಿಲ್ಲ.
ಚೆಲ್ಲಲು ಹೋದವಳ ಕೈ ಹಿಡಿದೆ.
ಇರಲಿ, ಬೆಳಗಿನೊಳಗೆ ಇನ್ನೊಬ್ಬ ಒಂಟಿ ಬರಬಹುದು.

ಆಂಬುಲೆನ್ಸು ಕ್ಯಾಂಪಿಗೆ ಹೊರಟಿತು.
ದಾರಿ ತೋರಿಸಲು ಮುಂದೆ ಇದಿನಬ್ಬ;
ಪೆಟ್ಟಿಗೆ ಖಾಲಿಯಿತ್ತು,
ಆದರೂ ಬೆಲ್ಟು ಹಾಕಿದ.