ಎರಡು ಎಡಗಾಲು

ಯೆಲ್ ದ್ವೀಪದಲ್ಲಿ ಮರ ಬೆಳೆಯುವುದಿಲ್ಲ,
ಗಾಳಿ ಬಿಡುವುದಿಲ್ಲ.
ಹಾಗಾಗಿ ಇಲ್ಲಿ ಒಂದೊಂದು ಹಲಗೆಗೂ ವಂಶಾವಳಿ ಉಂಟು:
ಇದು ಕೆಡವಿದ ಜೆಟ್ಟಿಯ ತೊಲೆ,
ಇದು ಚರ್ಚಿನ ಬೆಂಚಿನ ಬೆನ್ನು,
ಇದು ಯಾವ ಹಡಗಿನದೋ, ಕಡಲಿಗೇ ಗೊತ್ತು.

ನಾಲ್ಕು ಕಾಲಿಗಾಗುವಷ್ಟು ತೊಲೆ ಸಿಕ್ಕಿದ್ದು
ಎರಡು ವರ್ಷ ಕಾದ ಮೇಲೆ.
ಐದನೆಯದಕ್ಕಿಲ್ಲ.

ಹಗಲೆಲ್ಲ ಫೆರಿಯಲ್ಲಿ ಟಿಕೆಟ್ ಹರಿಯುವ ಕೈ
ಸಂಜೆ ಖಾಲಿ ಕೊಟ್ಟಿಗೆಯಲ್ಲಿ ಉಳಿ ಹಿಡಿಯಿತು.
ಅಕ್ಟೋಬರಿನ ಗಾಳಿಗೆ ಮೊದಲು ಕಿಟಕಿಗೆ ಚೌಕಟ್ಟು ಬೇಕು,
ಚೌಕಟ್ಟು ಕೂಡಿಸಲು ಮೇಜು ಬೇಕು,
ಮೇಜಿಗೆ ಕಾಲು.
ಹತ್ತು ಸಂಜೆ ಕೊಡತಿಯ ಪೆಟ್ಟು,
ಕಾಲಿಗೆರಡರಂತೆ ಎಂಟು ಗೂಡು,
ಗೆರೆ ಬಿಟ್ಟು ಕೂದಲಷ್ಟೂ ಸರಿಯದ ಅಂಚು.
ನೋಡುವವರಿಲ್ಲವೆಂದು
ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಜೋಡಿಸಲು ನಿಲ್ಲಿಸಿದರೆ,
ಒಂದು ಕಾಲು ಸಂಗಾತಿಯತ್ತ ಬಾಯಿ ತೆರೆದಿದೆ,
ಇನ್ನೊಂದು ಗೋಡೆಯತ್ತ.
ತಿರುಗಿಸಿದೆ. ಈ ಬಾಯಿ ಸರಿಹೋಯಿತು, ಆ ಬಾಯಿ ಕೆಟ್ಟಿತು.
ತಲೆಕೆಳಗು ಮಾಡಿದೆ. ನಗು ಬಂತು, ನಗಲಾಗಲಿಲ್ಲ.
ಮುಂದಿನವೆರಡೂ ಎಡಗಾಲು.
ಎಡವಟ್ಟು ಎಂಬ ಮಾತು
ಯಾರೋ ಬಡಗಿಯ ಬಾಯಲ್ಲೇ ಹುಟ್ಟಿರಬೇಕು.

ಗೋಣಿ ಹೊದಿಸಿ ಎರಡು ದಿನ ಅತ್ತ ನೋಡಲಿಲ್ಲ,
ಮನೆಯಲ್ಲಿ ಕಾಯಿಲೆಯವರಿದ್ದಾರೆಂಬಂತೆ
ಕೊಟ್ಟಿಗೆಯ ಮುಂದೆ ಮೆಲ್ಲಗೆ ನಡೆದೆ.

ಮೂರನೆಯ ದಿನ ಲೌರಿ ಬಂದ,
ದೋಣಿಗಳಿಗೆ ಪಕ್ಕೆಲುಬು ಕೂಡಿಸುವ ಮುದುಕ,
ಒಂದು ಕಿವಿ ಕೇಳದು, ಇನ್ನೊಂದನ್ನು ಕೇಳಿಸಿಕೊಳ್ಳಲು ಬಿಡನು.
ಕಾಲನ್ನು ನೋಡಲಿಲ್ಲ, ನೆಲವನ್ನು ನೋಡಿದ.
‘ಗುರುತು ಹಾಕುವಾಗ ಎಲ್ಲಿ ನಿಂತಿದ್ದೆ, ಓಸ್ಲಾ?’
‘ಇಲ್ಲೇ, ದೀಪದ ಕೆಳಗೆ.’
‘ನಾಲ್ಕಕ್ಕೂ?’

ಆಗ ನೆನಪಾಯಿತು.
ನಾಲ್ಕನೆಯದಕ್ಕೆ ಬಾಗಿಲ ಬಳಿ ನಿಂತಿದ್ದೆ.
ಫೋನಿಗೆ ಸಿಗ್ನಲ್ ಸಿಗುವುದು ಅಲ್ಲಿ ಮಾತ್ರ.
ಅಬರ್ಡೀನಿನಿಂದ ತಂಗಿ ಸಿನ್ನಿ,
ಏನೋ ಹೇಳಲು ಹೊರಟು ನಿಲ್ಲಿಸಿ ಹೊರಟು
ಮೂಗು ಒರೆಸಿಕೊಳ್ಳುತ್ತಿದ್ದಳು.
ನನ್ನ ಭುಜಕ್ಕೂ ಕಿವಿಗೂ ನಡುವೆ ಅವಳು,
ಬೆರಳ ನಡುವೆ ಪೆನ್ಸಿಲ್.
ಮರದ ಆಚೆ ಬದಿಯಿಂದ ಗೆರೆ ಎಳೆದೆ.
‘ಆಮೇಲೆ ಮಾಡ್ತೀನಿ’ ಅಂದೆ ಅವಳಿಗೆ.

ಲೌರಿ ಏನೂ ಕೇಳಲಿಲ್ಲ.
ಕಸದ ರಾಶಿ ಕೆದಕಿ ಅದೇ ತೊಲೆಯ ತುಂಡು ಹುಡುಕಿದ,
ಬೆಳಕಿಗೆ ಹಿಡಿದು ಎಳೆ ನೋಡಿದ.
‘ಎಳೆಯ ದಿಕ್ಕಿಗೇ ಎಳೆ. ಅಡ್ಡ ಹಾಕಿದೆಯೋ,
ಬರುವ ಚಳಿಗಾಲ ಇದನ್ನು ಉಗುಳುತ್ತದೆ.’
ನಾನು ಹೆರೆದೆ. ಬಿಗಿ.
ಮತ್ತೆ ಹೆರೆದೆ. ಬಿಗಿ.
ಮತ್ತೊಮ್ಮೆ ಹೆರೆಯಹೊರಟವಳ ಮುಂಗೈ ಹಿಡಿದ:
‘ಅರ್ಧ ಹೆಬ್ಬೆರಳಿಗೆ, ಅರ್ಧ ಕೊಡತಿಗೆ. ಸಾಕು.’

ಅಂಟು ಬಳಿದು ಬಡಿದಾಗ
ಒಳಗಿದ್ದ ಗಾಳಿ ಸಣ್ಣಗೆ ಕೀರಿ ಹೊರಬಂತು.
ಹೊಸ ಗೂಡು ತೋಡಲು ಉಳಿ ಎತ್ತಿದರೆ
ಕಣ್ಣಲ್ಲೇ ಬೇಡವೆಂದ.
ತೇಪೆ ಹಿಡಿಯುವ ಮುನ್ನ ಪಕ್ಕದಲ್ಲಿ ಪೆಟ್ಟು ಬಿದ್ದರೆ
ಕಾಲೇ ಸೀಳುತ್ತದಂತೆ.
ಬೆಳಗಿನ ತನಕ ಇಬ್ಬರೂ ಕೈ ಕಟ್ಟಿರಬೇಕು,
ಮರವೂ ನಾನೂ.

ಅವನು ಹೋದ.
ಬಾಗಿಲ ಬಳಿ ನಿಂತೆ, ಬರಿಗೈಯಲ್ಲಿ.
‘ಸಿನ್ನಿ, ಅವತ್ತು ಏನೋ ಹೇಳ್ತಿದ್ದೆ.’
‘ಅವತ್ತಾ? ಬಿಡು, ಮುಗೀತು.’
ಬಿಡಲಿಲ್ಲ. ಹನ್ನೊಂದಕ್ಕೆ ಫೋನು ಸತ್ತಿತು,
ಚಾರ್ಜರ್ ತಂದು, ಚೌಕಿ ಎಳೆದು, ಮತ್ತೆ ಹಚ್ಚಿದೆ.

ಈಗ ಮೇಜು ನಿಂತಿದೆ.
ಬಲಗಾಲಿನ ಹೊರಮೈಯಲ್ಲಿ ಬೆಂಕಿಪೆಟ್ಟಿಗೆಯಷ್ಟು ತೇಪೆ,
ಮಿಕ್ಕಿದ್ದಕ್ಕಿಂತ ಒಂದು ಬಣ್ಣ ಕಪ್ಪು.
ಹೊಸ ಗೂಡು, ನಿಜ ಹೇಳಬೇಕೆಂದರೆ, ತುಸು ಸಡಿಲ;
ಕರೆಂಟ್ ಬಿಲ್ಲಿನ ಮೂಲೆ ಮಡಿಸಿ ತುರುಕಿದ್ದೇನೆ,
ಲೌರಿಗೆ ಹೇಳಿಲ್ಲ.
ಮೇಲೆ ಪೆನ್ಸಿಲಿಟ್ಟರೆ ಮೆಲ್ಲಗೆ ಉತ್ತರಕ್ಕೆ ಉರುಳುತ್ತದೆ.
ಮಟ್ಟಗೋಲು ಹಿಡಿದು ಎರಡೆರಡು ಸಲ ನೋಡಿದೆ,
ನಾಲ್ಕು ಕಾಲೂ ಒಂದೇ ಅಳತೆ.
ವಾರೆಯಿರುವುದು ನೆಲ.
ಅದನ್ನು ಹಾಕಿದ್ದು ನಾನಲ್ಲ.