ನಡಾವಳಿ

ಇಪ್ಪತ್ತೆರಡು ವರ್ಷದಿಂದ ಈ ಪುಸ್ತಕ ಬರೆಯುತ್ತಿರುವವನು ನಾನೇ.
ದೊಡ್ಡಗುಂಡ್ಲಹಟ್ಟಿ ಪಂಚಾಯ್ತಿ, ಮೊಳಕಾಲ್ಮೂರು ತಾಲ್ಲೂಕು, ಚಿತ್ರದುರ್ಗ ಜಿಲ್ಲೆ.
ಕೆಲಸ ಕರವಸೂಲಿ, ಅಕ್ಷರ ದುಂಡಗೆ.
ಊರಿಗೆ ಊರೇ ಕಡ್ಲೆಕಾಯಿ ಕೀಳಲು ಹೋದ ದಿನವೂ
ನನ್ನ ಪುಟದಲ್ಲಿ ಸಭೆ ತುಂಬಿರುತ್ತಿತ್ತು:
'ಸುದೀರ್ಘವಾಗಿ ಚರ್ಚಿಸಿ, ಸರ್ವಾನುಮತದಿಂದ ಅಂಗೀಕರಿಸಲಾಯಿತು.'
ಚರ್ಚೆ ಎಂದರೆ ಅಧ್ಯಕ್ಷರ ಗಂಡ ಎರಡು ಸಲ ಕೆಮ್ಮುವುದು.
ಸಹಿ ಮಾರನೇ ದಿನ.
ಮಗ್ಗದ ಗುಂಡಿಗೆ ಕಾಲು ಇಳಿಬಿಟ್ಟವರ ಹತ್ತಿರ,
ಬಸ್ಸಿಗೆ ಕೈ ಅಡ್ಡ ಹಿಡಿದವರ ಹತ್ತಿರ,
ಜೇಬಿನಲ್ಲಿ ಮಸಿಪ್ಯಾಡು ಇಟ್ಟುಕೊಂಡು ತಿರುಗಿದೆ.
ನನ್ನ ಅಂಗಿಗಳೆಲ್ಲ ಎಡಗಡೆ ನೇರಳೆ.

ಹೋದ ಆಗಸ್ಟಿನಲ್ಲಿ ಈರಬಡಪ್ಪನ ಮಗಳು ತ್ರಿವೇಣಿ
ನೀರಿನ ಚೊಂಬಿಗೆ ಒರಗಿಸಿ ಫೋನು ನಿಲ್ಲಿಸಿದಳು.
ಗಾಜು ಸೀಳಿತ್ತು, ಮೂಲೆಗೆ ಅಂಟುಪಟ್ಟಿ.
'ಲೈವ್ ಸಾರ್, ಎಂದಿನಂಗೆ ನಡೆಸಿ' ಅಂದಳು.
ಎಂದಿನಂಗೆ!
ಜಮಖಾನದ ಮೇಲೆ ಹದಿಮೂರು ಜನ. ಗಾಜಿನೊಳಗೆ ನಲವತ್ತೊಂದು.
ಪಾಲಿಟೆಕ್ನಿಕ್ ಹಾಸ್ಟೆಲಿನಿಂದ ಒಬ್ಬಳು,
ತೋರಣಗಲ್ಲಿನ ಕಾರ್ಖಾನೆ ಗೇಟಿನಿಂದ ಇಬ್ಬರು,
ಗುಡ್ಡದ ಹಿಂದೆ ಕುರಿ ಬಿಟ್ಟುಕೊಂಡು ಸಣ್ಣಪಾಲಯ್ಯ.
ಅವನಿಗೆ ಟೈಪು ಬಾರದು, ದನಿ ಕಳಿಸಿದ:
'ನೀರಿನ ಘಟಕಕ್ಕೆ ಬಿಲ್ಲಾಗೆ ಮೂರು ಮೋಟ್ರು ಐತೆ,
ಇಳಿಸಿರೋದು ಒಂದು. ಉಳಿದವೆರಡು
ಯಾರ ತೋಟದಾಗೆ ಕುಂತವೆ?'
ಹಿಂದೆಯೇ ಕುರಿಗಳೂ ಕೇಳಿದವು.

'ಬರದೇ ಇದ್ದೋರಿಗೆ ಬಾಯಿಲ್ಲ' ಅಂದರು ಅಧ್ಯಕ್ಷರ ಗಂಡ.
'ಆ ಕುರ್ಚಿ ಅತ್ತೇದಲ್ವಾ ಮಾವ?' ಅಂದಳು ಹುಡುಗಿ, ಮೆಲ್ಲಗೆ.
ನಲವತ್ತೊಂದು ಅರವತ್ತೆಂಟಾಯಿತು.

ಪೆನ್ನು ಹಿಡಿದು ಕೂತೆ.
ಕುರಿಯ ಹಿಂದಿರುವವನು ಹಾಜರೋ, ಗೈರೋ?

ಕಂಬಕ್ಕೆ ಒರಗಿದ್ದ ದ್ಯಾಮವ್ವ ಆಗ ಬಾಯಿ ಬಿಟ್ಟಳು:
'ಏ ಮಗಾ, ಆ ಪುಸ್ತಕದಾಗೆ ನನ್ನ ಹೆಬ್ಬೆಟ್ಟು ಎಷ್ಟೈತೆ?
ಅದು ಏನೇನು ಅಂದೈತೆ, ಓದು.'
ಓದಿದೆ.
ಅವಳು ಕೆರೆ ಹೂಳು ಎತ್ತಿದ್ದಾಳೆ, ಇಪ್ಪತ್ತು ದಿನ.
ಅವಳ ಬಚ್ಚಲುಗುಂಡಿ ಪೂರ್ಣಗೊಂಡಿದೆ.
ಅವಳ ಓಣಿಯ ದೀಪ ಉರಿಯುತ್ತಿದೆ.
ದ್ಯಾಮವ್ವ ಹೆಬ್ಬೆರಳು ಮೇಲೆತ್ತಿ, ತಿರುಗಿಸಿ ತಿರುಗಿಸಿ ನೋಡಿಕೊಂಡಳು,
ಹೇಳದೆ ಕೇಳದೆ ಊರು ಸುತ್ತಿ ಬಂದ ಮೊಮ್ಮಗನನ್ನು ನೋಡುವ ಹಾಗೆ.

ಇದನ್ನೂ ಬರೆಯಬೇಕು, ನಡಾವಳಿ ಅಂದಮೇಲೆ.
ಅದೇ ರಾತ್ರಿ, ಅದೇ ಗುಂಪಿನಲ್ಲಿ
ನನ್ನ ತಲೆ ಒಂದು ಹೋತದ ಮೈಗೆ ಅಂಟಿತು, ಕೊರಳಿಗೆ ನೋಟಿನ ಹಾರ.
ರಾಯದುರ್ಗದ ತನಕ ಮೇಯಲು ಹೋಯಿತು.
ನಾನು ಸುಳ್ಳು ಬರೆದದ್ದುಂಟು, ದುಡ್ಡು ಮುಟ್ಟಿದ್ದಿಲ್ಲ.
ಈ ವ್ಯತ್ಯಾಸವನ್ನು ಯಾರಿಗೆ ಫಾರ್ವರ್ಡ್ ಮಾಡಲಿ?
ನನ್ನಾಕೆ ಎರಡು ದಿನ ಡೇರಿಗೆ ಹಾಲು ಹಾಕಲು ಹೋಗಲಿಲ್ಲ.
ತ್ರಿವೇಣಿ ಬಂದು ಹೊಸ್ತಿಲಾಚೆಯೇ ನಿಂತಳು.
'ನಮ್ಮ ಹುಡುಗ್ರೇ ಸಾರ್. ಅಳಿಸ್ಸಿದೀನಿ.'
ಅಳಿಸೋದರ ಬಗ್ಗೆ ನನಗೆ ಹೇಳಬೇಡ ತಾಯಿ ಅಂದೆ,
ಬಿಳಿ ಬಳಿದ ಜಾಗವೇ ಮೊದಲು ಕಣ್ಣಿಗೆ ಬೀಳೋದು.
ಅವಳು ಒಳಗೆ ಬಂದು ಕೂತಳು. ಮಜ್ಜಿಗೆ ಕುಡಿದಳು.
ಇಬ್ಬರೂ ಕ್ಷಮೆ ಅನ್ನುವ ಪದ ಬಳಸಲಿಲ್ಲ.

ಈ ಸಲದ ಸಭೆ. ಜಮಖಾನ ಸಾಲದೆ ಗೋಣಿಚೀಲ ಹಾಸಿದ್ದೇವೆ.
ಕರೆಂಟು ಹೋಗಿ ಟವರ್ ಸತ್ತಿದೆ,
ಗಾಜಿನಲ್ಲಿ ಸಣ್ಣ ಉಂಗುರ ಸುತ್ತುತ್ತಲೇ ಇದೆ.
'ಇರ್ಲಿ, ಅವ್ರೂ ಬರ್ಲಿ' ಅಂದರು ಅಧ್ಯಕ್ಷರು.
ಗಂಡನಲ್ಲ, ಅವರೇ. ಆ ದನಿ ನನಗೂ ಹೊಸದು.
ಕಾಯುತ್ತಾ ಸ್ಕೇಲು ಇಟ್ಟು, ಹಾಜರಾತಿಯ ಬಲಗಡೆ
ಮೇಲಿನಿಂದ ಕೆಳತನಕ ಒಂದು ಗೆರೆ ಎಳೆದೆ.
ಹೊಸ ಕಾಲಮ್ಮಿಗೆ ಏನು ಹೆಸರು ಅಂತ ಇನ್ನೂ ಹೊಳೆದಿಲ್ಲ.
ಜೇಬು ಮುಟ್ಟಿ ನೋಡಿಕೊಂಡೆ: ಖಾಲಿ.
'ಇಲ್ಲೈತೆ. ಮೊದ್ಲು ಬರಿ, ಆಮ್ಯಾಕೆ ಓದು, ಒತ್ತೋದು ಆಮ್ಯಾಕೆ.'
ಮಸಿಪ್ಯಾಡು ದ್ಯಾಮವ್ವನ ಮಡಿಲಲ್ಲಿತ್ತು.